ಟೀಚರ್ ಕೆಲಸ 10ರಿಂದ 4ರ ತನಕ ಅಷ್ಟೇನಾ? ಹೆಂಡತಿಯ ಒಂದು ವಾರದ ಲೆಕ್ಕ ಬರೆದಿಟ್ಟಿದೀನಿ, ಇದ್ರಲ್ಲಿ ಯಾವುದನ್ನ ಬಿಡಬಹುದು ಹೇಳಿ

ತೆಂಗಿನತೋಟ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೇಷ್ಟ್ರುಗಳು ಟೀಚರ್‌ಗಳು ಸುಮಾರು ಜನ ಇದೀರ ಅಂತ ಗೊತ್ತು, ಅದಕ್ಕೇ ಇಲ್ಲಿ ಕೇಳ್ತಿದೀನಿ. ನನ್ನ ಹೆಂಡತಿ ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೇಲಿ ಟೀಚರ್. 1ರಿಂದ 5, ಒಟ್ಟು 36 ಮಕ್ಕಳು, ಖಾಯಂ ಅಂತ ಇರೋದು ಇವಳೊಬ್ಬಳೇ, ಇನ್ನೊಬ್ರು ಅತಿಥಿ ಶಿಕ್ಷಕಿ. ಹಾಗಾಗಿ ಎಚ್‌ಎಂ, ಅಂದ್ರೆ ಮುಖ್ಯ ಶಿಕ್ಷಕಿ ಚಾರ್ಜೂ ಇವಳ ತಲೆ ಮೇಲೇನೇ.

ಹೋದ ತಿಂಗಳು ಮನೇಲಿ ಸಣ್ಣ ಜಗಳ ಆಯ್ತು. ನಮ್ಮಮ್ಮ ಯಾರೋ ನೆಂಟರ ಹತ್ರ "ಅವಳಿಗೇನವ್ವ, ಹತ್ತಕ್ಕೆ ಹೋಗಿ ನಾಲ್ಕಕ್ಕೆ ಬರೋ ಕೆಲಸ, ಮೇಲೆ ಬೇಸಿಗೆ ರಜ" ಅಂದ್ರು. ಇವಳು ಏನೂ ಮಾತಾಡ್ಲಿಲ್ಲ, ರೂಮಿಗೆ ಹೋಗಿ ಲ್ಯಾಪ್‌ಟಾಪ್ ತೆಗೆದು ಕೂತಳು ಅಷ್ಟೇ. ನಿಜ ಹೇಳ್ಬೇಕಂದ್ರೆ ನಂಗೂ ಒಳಗೊಳಗೆ ಅಮ್ಮ ಹೇಳಿದ್ದು ಪೂರ್ತಿ ಸುಳ್ಳೇನಲ್ಲ ಅನ್ನಿಸಿತ್ತು. ಆಮೇಲೆ ಹಠಕ್ಕೆ ಬಿದ್ದು ಹಾಲಿನ ಲೆಕ್ಕ ಬರೆಯೋ ಡೈರಿ ಹಿಂದುಗಡೆ ಪುಟದಲ್ಲಿ ಒಂದು ವಾರ ಬರೆದೆ, ಶಾಲೆ ಟೈಮ್ ಬಿಟ್ಟು ಅವಳು ಮಾಡೋ ಶಾಲೆ ಕೆಲಸ ಮಾತ್ರ. ಅವಳಿಗೆ ಹೇಳಿರ್ಲಿಲ್ಲ.

ಸೋಮವಾರ ಬೆಳಿಗ್ಗೆ 6:40ಕ್ಕೇ ಶುರು, ಶಾಲೇಲಿ ಮಕ್ಕಳಿಗೆ ಊಟದ ಜೊತೆ ಕೊಡೋ ಮೊಟ್ಟೆ. ಶಾಲೆ ಇರೋ ಊರಲ್ಲಿ ಅಷ್ಟು ಮೊಟ್ಟೆ ಸಿಗಲ್ಲ, ಇಲ್ಲಿಂದಾನೇ ಎರಡು ಟ್ರೇ ಸ್ಕೂಟಿ ಮುಂದೆ ಕಾಲಿನ ಹತ್ರ ಇಟ್ಕೊಂಡು 11 ಕಿಲೋಮೀಟರ್ ಹೋಗ್ಬೇಕು, ಹಂಪ್ ಬಂದಾಗೆಲ್ಲಾ ಎರಡೂ ಕಾಲಲ್ಲಿ ಟ್ರೇ ಒತ್ತಿ ಹಿಡ್ಕೊಂಡು ಮೆಲ್ಲಗೆ ಇಳಿಸ್ತಾಳೆ. ಆ ಸೋಮವಾರ ನಾಲ್ಕು ಒಡೆದಿದ್ವು. ಸರ್ಕಾರದ ಲೆಕ್ಕದಲ್ಲಿ ಒಂದು ಮೊಟ್ಟೆಗೆ 6 ರೂಪಾಯಿ, ಅಂಗಡೀಲಿ ಆಗ 7 ಇತ್ತು. 34 ಮಕ್ಕಳು ಮೊಟ್ಟೆ ತಿಂತಾರೆ, ಇನ್ನಿಬ್ಬರಿಗೆ ಬಾಳೆಹಣ್ಣು. ದಿನಕ್ಕೆ 34 ರೂಪಾಯಿ ಕೈಯಿಂದ ಹೋಯ್ತಲ್ಲ, ವಾರಕ್ಕೆ ಆರು ದಿನ ಅಂದ್ರೆ 204. ಒಡೆದಿದ್ದು ಬೇರೆ. ದುಡ್ಡಿನ ವಿಷಯ ನಾನು ಹೇಳ್ತಿಲ್ಲ, ಮಕ್ಕಳು ತಿನ್ಲಿ. ಆದ್ರೆ ಯಾರು ಮೊಟ್ಟೆ ಯಾರು ಹಣ್ಣು ಅಂತ ದಿನಾ ಪಟ್ಟಿ, ಫೋಟೋ, ಅಕ್ಕಿ ಬೇಳೆ ಹಾಲಿನ ಪುಡಿ ಸ್ಟಾಕ್, ಇಷ್ಟೂ ಅವಳೇ ಬರೀಬೇಕು.

ಸಂಜೆ 4:50ಕ್ಕೆ ವಾಟ್ಸಾಪ್ ಗ್ರೂಪಲ್ಲಿ ಮೆಸೇಜು, "ಇಂದೇ ಕಡ್ಡಾಯವಾಗಿ ಸಲ್ಲಿಸುವುದು" ಅಂತ. ಅಪಾರ್ ಐಡಿ, ಅಂದ್ರೆ ಪ್ರತಿ ವಿದ್ಯಾರ್ಥಿಗೂ ಮಾಡಿಸೋ ಗುರುತಿನ ನಂಬರು, ಅದು ಆಗದೇ ಇರೋ ಮಕ್ಕಳ ಪಟ್ಟಿ. ಯಾಕ್ ಆಗಿಲ್ಲ ಅಂದ್ರೆ ಶಾಲೆ ದಾಖಲೆಯಲ್ಲಿ ಒಂದು ಹೆಸರು ಆಧಾರ್‌ನಲ್ಲಿ ಇನ್ನೊಂದು. ಅಪ್ಪ ಅಮ್ಮ ಕೂಲಿಗೆ ಹೋಗಿ ಬರೋದು ಕತ್ತಲಾದ ಮೇಲೆ, ಫೋನ್ ಎತ್ತೋದು ರಾತ್ರಿ 8ರ ಮೇಲೆ. ಒಂದಿನ ಒಂದು ತಾಯಿಗೆ ಫೋನ್ ಮಾಡಿದ್ಲು, ಆಯಮ್ಮಂಗೆ ಓದಕ್ಕೆ ಬರಲ್ಲ, ನಾಲ್ಕನೇ ಕ್ಲಾಸಿನ ಮಗಳೇ ಅಂಗಳದಲ್ಲಿ ಟಾರ್ಚ್ ಹಿಡ್ಕೊಂಡು ಆಧಾರ್ ನಂಬರ್ ಓದ್ತಿದೆ, ಇವಳು ಈ ಕಡೆಯಿಂದ "ಮೂರಾ ಎಂಟಾ ಸರಿಯಾಗ್ ನೋಡು ಪುಟ್ಟಿ" ಅಂತಿದಾಳೆ. ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿ "ಜೂನ್‌ನಲ್ಲಿ ಇವಳಿಗೆ ಎರಡಂಕಿ ಸಂಖ್ಯೆ ಓದಕ್ಕೆ ಬರ್ತಿರ್ಲಿಲ್ಲ ಗೊತ್ತಾ" ಅಂದ್ಲು. ಅದನ್ನ ಯಾವ ಪೋರ್ಟಲ್‌ಗೂ ಹಾಕಂಗಿಲ್ಲ ಬಿಡಿ.

ವಾರದ ಕೊನೇಲಿ ಕೂಡಿಸಿದೆ. 17 ಗಂಟೆ 40 ನಿಮಿಷ. ಅದ್ರಲ್ಲಿ ಪಾಠಕ್ಕೆ ಅಂತ, ಅಂದ್ರೆ 1ರಿಂದ 3ನೇ ಕ್ಲಾಸಿನ ನಲಿಕಲಿ ಕಾರ್ಡ್ ಜೋಡಿಸೋದು, 4-5ನೇ ಕ್ಲಾಸಿನ ನೋಟ್‌ಬುಕ್ ತಿದ್ದೋದು, ನಾಳೆ ಏನು ಮಾಡ್ಬೇಕು ಅಂತ ಬರ್ಕೊಳ್ಳೋದು, ಇದಕ್ಕೆ ಹೋಗಿದ್ದು 2 ಗಂಟೆ 10 ನಿಮಿಷ ಅಷ್ಟೇ. ನಂಗೆ ಬೇಜಾರಾಗಿದ್ದು 17ಕ್ಕಲ್ಲ, ಈ ಎರಡಕ್ಕೆ.

ಎಲ್ಲಾ ಕಡೆ ಹೀಗೇನಾ, ಇಲ್ಲ ಇವಳೇ ಜಾಸ್ತಿ ಮೈಮೇಲೆ ಎಳ್ಕೊಳ್ತಿದಾಳಾ? ಎಚ್‌ಎಂ ಚಾರ್ಜ್ ಬೇಡ ಅಂತ ಬರ್ಕೊಡಕ್ಕೆ ಆಗುತ್ತಾ? ಯಾವ ಕೆಲಸ ಬಿಟ್ರೂ ನಡೆಯುತ್ತೆ?

ಚಾಕ್‌ಪೀಸ್_ಅಕ್ಕ:

ಅಣ್ಣ, ನಿಮ್ಮ ಡೈರಿ ಓದಿ ನಗುನೂ ಬಂತು ಹೊಟ್ಟೆ ಉರಿನೂ ಬಂತು. ನಮ್ಮನೆಯವ್ರು 14 ವರ್ಷದಲ್ಲಿ ಒಂದಿನಾನೂ ಹೀಗೆ ಬರೆದಿಲ್ಲ, "ಮತ್ತೆ ಫೋನಾ" ಅಂತ ಕೇಳೋದು ಒಂದೇ.

ಇಲ್ಲ, ಅವರೊಬ್ಬರೇ ಎಳ್ಕೊಳ್ತಿಲ್ಲ, ಇಲ್ಲಿ ಶಿವಮೊಗ್ಗ ಕಡೆನೂ ಇದೇ ಪಾಡು. ಬಿಡೋ ಕೆಲಸ ಯಾವ್ದೂ ಇಲ್ಲ, ಎರಡೆರಡು ಸಲ ಮಾಡೋದನ್ನ ತಪ್ಪಿಸ್ಕೋಬಹುದು ಅಷ್ಟೇ. ನಾನು ಮಾಡಿರೋದು ಹೇಳ್ತೀನಿ, ಒಂದೇ ಒಂದು ಎಕ್ಸೆಲ್ ಶೀಟು. ಮಗುವಿನ ಹೆಸರು ಆಧಾರ್‌ನಲ್ಲಿ ಇರೋ ತರಾನೇ ಇಂಗ್ಲಿಷ್ ಸ್ಪೆಲಿಂಗ್ ಸಮೇತ, ಪಕ್ಕದಲ್ಲಿ ರಾಜ್ಯದ ವಿದ್ಯಾರ್ಥಿ ಪೋರ್ಟಲ್ ಸ್ಯಾಟ್ಸ್ ನಂಬರು, ಕೇಂದ್ರದ ಪೋರ್ಟಲ್ ಯುಡೈಸ್‌ನ ಪೆನ್ ನಂಬರು, ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು, ಬ್ಯಾಂಕ್ ಖಾತೆ, ಅಪ್ಪ ಅಮ್ಮನ ಎರಡೂ ಫೋನು, ಶೂ ಸೈಜು. ಹೌದು ಶೂ ಸೈಜು, ನಗಬೇಡಿ, ಒಂದೇ ವರ್ಷ ಮೂರು ಸಲ ಕಳಿಸಿದೀನಿ. ಯಾರು ಏನೇ ಕೇಳಿದ್ರೂ ಅದ್ರಿಂದ ಕಾಪಿ ಹೊಡ್ದು ಕಳಿಸೋದು. ಜೂನ್‌ನಲ್ಲಿ ದಾಖಲಾತಿ ಟೈಮಲ್ಲಿ ಎರಡು ವಾರ ಕೂತು ಮಾಡ್ಕೊಂಡ್ರೆ ಮಾರ್ಚ್ ತನಕ ಸ್ವಲ್ಪ ಉಸಿರಾಡಬಹುದು. ನೀವು ಮನೇಲಿ ಖಾಲಿ ಇದ್ರೆ ಈ ಶೀಟ್ ನೀವೇ ಮಾಡ್ಕೊಡಿ, ಡೈರಿ ಬರೆಯೋದಕ್ಕಿಂತ ಅದು ಉಪಯೋಗ 😀

ಇನ್ನೊಂದು, ಹೊಸ ಮಗು ಸೇರ್ಸೋವಾಗ್ಲೇ ಆಧಾರ್ ಪಕ್ಕದಲ್ಲಿಟ್ಕೊಂಡು ಹೆಸರು ಬರೀಲಿ. ನಮ್ಮಲ್ಲಿ ಮನೇಲಿ ಕರೆಯೋ ಹೆಸರೇ ಶಾಲೇಲೂ ಬರ್ಸಿಬಿಡ್ತಾರೆ, ಆಮೇಲೆ ಐದು ವರ್ಷ ಅನುಭವಿಸ್ಬೇಕು.

ಟ್ಯಾಕ್ಸ್_ಕಟ್ಟೋನು:

ಬೇಜಾರ್ ಮಾಡ್ಕೋಬೇಡಿ ಸರ್, ಒಂದು ಮಾತು. ನಾನು ಬೆಂಗಳೂರಲ್ಲಿ ಐಟಿ, ವಾರಕ್ಕೆ 50 ಗಂಟೆ ಮಾಮೂಲಿ, ಶನಿವಾರ ಕಾಲ್ ಬಂದ್ರೂ ಎತ್ತಬೇಕು, ದಸರಾಗೆ ಎರಡು ವಾರ, ಬೇಸಿಗೇಲಿ ತಿಂಗಳ ಮೇಲೆ ರಜಾ ಯಾರು ಕೊಡ್ತಾರೆ ನಮಗೆ? 36 ಮಕ್ಕಳಿಗೆ ಇಬ್ಬರು ಟೀಚರ್ ಅಂದ್ರೆ ಒಬ್ಬರಿಗೆ 18 ಮಕ್ಕಳು. ಪ್ರೈವೇಟ್ ಸ್ಕೂಲಲ್ಲಿ 40 ಇರ್ತಾರೆ ಒಂದು ಸೆಕ್ಷನ್‌ಗೆ. ಎಲ್ಲಾ ಕೆಲಸದಲ್ಲೂ ಹೇಳದೇ ಇರೋ ಕೆಲಸ ಇದ್ದೇ ಇರುತ್ತೆ, ಇದನ್ನ ದೊಡ್ಡ ತ್ಯಾಗ ಅನ್ನೋ ತರ ಹೇಳೋದು ನಂಗೆ ಸರಿ ಅನ್ಸಲ್ಲ.

ಹಳೇಮೇಷ್ಟ್ರು:

ಟ್ಯಾಕ್ಸ್ ಕಟ್ಟೋರೇ, ನಾನೂ ಕಟ್ತಿದ್ದೆ ಕಣಪ್ಪ, ಸಂಬಳದಲ್ಲೇ ಹಿಡಿದು ಕೊಡ್ತಿದ್ರು. ಕೋಪ ಇಲ್ಲ. ಒಂದೊಂದಾಗಿ ಹೇಳ್ತೀನಿ, ಮೂರು ವರ್ಷ ಆಯ್ತು ರಿಟೈರ್ ಆಗಿ, ಟೈಮಿದೆ.

ಮೊದಲು 18 ಮಕ್ಕಳು ಅನ್ನೋದು. ಅದು ಭಾಗಾಕಾರ, ಶಾಲೆ ಅಲ್ಲ. ಆ 18 ಜನ ಒಂದೇ ಕ್ಲಾಸಲ್ಲಿ ಇರಲ್ಲ. ನಲಿಕಲಿ ಅಂದ್ರೆ 1, 2, 3 ಮೂರೂ ತರಗತಿ ಒಂದೇ ಕೋಣೇಲಿ, ಪ್ರತಿ ಮಗುನೂ ಬೇರೆ ಬೇರೆ ಮೆಟ್ಟಿಲಲ್ಲಿ ಇರುತ್ತೆ, ಒಂದು ಮಗು ಅಕ್ಷರ ತಿದ್ತಿದ್ರೆ ಇನ್ನೊಂದು ವಾಕ್ಯ ಓದ್ತಿರುತ್ತೆ. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ಕಡೆ ಮೇಷ್ಟ್ರುಗಳೇ ಕಟ್ಟಿ ಬೆಳೆಸಿದ ಪದ್ಧತಿ ಅದು, ಒಳ್ಳೇದೇ, ಆದ್ರೆ ತಯಾರಿ ಇಲ್ದೆ ಹೋದ್ರೆ ಸಂತೆ ಆಗುತ್ತೆ. ಈ ಕಡೆ 4, 5 ಬೇರೆ. ಖಾಯಂ ಟೀಚರ್ ಮೀಟಿಂಗಿಗೆ ಹೋದ ದಿನ ಐದೂ ಕ್ಲಾಸು ಅತಿಥಿ ಶಿಕ್ಷಕಿ ಪಾಲು.

ರಜದ ಮಾತು. ಬೇರೆ ಇಲಾಖೆ ನೌಕರರಿಗೆ ವರ್ಷಕ್ಕೆ 30 ಗಳಿಕೆ ರಜೆ, ನಮಗೆ 10, ಯಾಕಂದ್ರೆ ದಸರಾ ಬೇಸಿಗೆ ರಜೆ ಇದೆಯಲ್ಲ ಅಂತ. ಅಂದ್ರೆ ಆ ರಜಾ ಪುಕ್ಕಟೆ ಅಲ್ಲ, ಮೊದಲೇ ಹಿಡ್ಕೊಂಡು ಕೊಟ್ಟಿದ್ದು. ರಜದಲ್ಲಿ ಆರ್ಡರ್ ಹಾಕಿ ಕೆಲಸ ಮಾಡ್ಸಿದ್ರೆ ಗಳಿಕೆ ರಜೆ ಕೇಳಬಹುದು, ಅದನ್ನ ಸೇವಾ ಪುಸ್ತಕಕ್ಕೆ ಹತ್ತಿಸ್ಕೊಳ್ಳೋಕೆ ಮತ್ತೆ ಒಂದು ಅರ್ಜಿ, ಒಂದು ದಿನ ಓಡಾಟ.

ಗಂಟೆ ಲೆಕ್ಕ. ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ, 2009ರದ್ದು, ಅದರ ಅನುಸೂಚಿಯಲ್ಲೇ ಶಿಕ್ಷಕರಿಗೆ ವಾರಕ್ಕೆ 45 ಗಂಟೆ ಅಂತ ಇದೆ, ತಯಾರಿನೂ ಸೇರಿ. ತೆಂಗಿನತೋಟದವರು ಹೇಳಿದ 17:40ಕ್ಕೆ ಶಾಲೆ ಅವಧಿ ಒಂದು 35 ಗಂಟೆ ಸೇರಿಸಿ, 52-53 ಆಗುತ್ತೆ. ಆದ್ರೆ ತಕ್ಷಣ ಆ ಕಾಯ್ದೆ ಹಿಡ್ಕೊಂಡು ಓಡಬೇಡಿ, ಅದು ಕನಿಷ್ಠ 45, ಗರಿಷ್ಠ ಅಲ್ಲ. ಎಷ್ಟೋ ಜನ ಯೂನಿಯನ್‌ನೋರೂ ಇದನ್ನ ತಪ್ಪು ಓದ್ತಾರೆ. ನೋಡಬೇಕಾಗಿರೋದು ಆ 45ರ ಒಳಗೆ ತಯಾರಿ ಅಂತ ಕಾನೂನೇ ಜಾಗ ಇಟ್ಟಿದೆಯಲ್ಲ, ಅಲ್ಲಿ ಈಗ ಏನು ಕೂತಿದೆ ಅನ್ನೋದು. ಎರಡು ಗಂಟೆ ಹತ್ತು ನಿಮಿಷ. ಅದೇ ಕಣಪ್ಪ ಈ ಇಡೀ ಪೋಸ್ಟಲ್ಲಿ ಇರೋ ವಿಷಯ.

ಅದೇ ಕಾಯ್ದೆ 27ನೇ ಸೆಕ್ಷನ್ ಶಿಕ್ಷಕರನ್ನ ಬೋಧನೇತರ ಕೆಲಸಕ್ಕೆ ಹಾಕಬಾರದು ಅನ್ನುತ್ತೆ, ಹತ್ತು ವರ್ಷಕ್ಕೊಮ್ಮೆ ಬರೋ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು. ಅದಕ್ಕೂ ಮುಂಚೆ 2007ರಲ್ಲಿ ಸುಪ್ರೀಂ ಕೋರ್ಟು ಚುನಾವಣೆ ಕೆಲಸನ ರಜಾದಿನ, ಪಾಠ ಇಲ್ಲದ ದಿನ ಮಾಡಿಸಿ, ಪಾಠದ ಹೊತ್ತಲ್ಲಿ ಸಾಮಾನ್ಯವಾಗಿ ಬೇಡ ಅಂತ ಹೇಳಿತ್ತು. ಸರಿನೇ, ಮಕ್ಕಳ ಪಾಠ ಉಳೀತು. ಹಾಗಂತ ಕೆಲಸ ಕಮ್ಮಿ ಆಗ್ಲಿಲ್ಲ, ಬಿಎಲ್‌ಒ ಕೆಲಸ, ಅಂದ್ರೆ ಮತಗಟ್ಟೆ ಮಟ್ಟದಲ್ಲಿ ಮತದಾರರ ಪಟ್ಟಿ ನೋಡ್ಕೊಳ್ಳೋದು, ಭಾನುವಾರಕ್ಕೆ ಬಂತು. ಇನ್ನು ಅಪಾರು, ಮೊಟ್ಟೆ ಪಟ್ಟಿ, ಸ್ಕಾಲರ್‌ಶಿಪ್ಪು, ಇವನ್ನೆಲ್ಲ ಯಾರೂ ಬೋಧನೇತರ ಅಂತ ಒಪ್ಪೋದೇ ಇಲ್ಲ, ಮಕ್ಕಳದ್ದೇ ಕೆಲಸ ತಾನೇ ಅಂತಾರೆ.

ಈಗ ಚಾರ್ಜ್ ವಿಷಯ. ಇಬ್ಬರು ಖಾಯಂ ಇದ್ದಿದ್ರೆ ಬರ್ಕೊಟ್ಟು ನೋಡಬಹುದಿತ್ತು. ನಿಮ್ಮಲ್ಲಿ ಆಗಲ್ಲ, ಅಕ್ಷರ ದಾಸೋಹದ, ಅಂದ್ರೆ ಬಿಸಿಯೂಟದ ಖಾತೆ ಚೆಕ್ಕು ಅತಿಥಿ ಶಿಕ್ಷಕರ ಕೈಗೆ ಕೊಡೋಕೆ ಬರಲ್ಲ. ಆಸೆ ಇಟ್ಕೋಬೇಡಿ.

ಮೊಟ್ಟೆ ವಿಷಯಕ್ಕೆ ಮಾತ್ರ ಒಂದು ಕೆಲಸ ಮಾಡ್ಲಿ. ಪ್ರತಿ ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಸಮಿತಿ ಸಭೇಲಿ ಆ ತಿಂಗಳ ಮೊಟ್ಟೆ ರೇಟು ನಡಾವಳಿ ಪುಸ್ತಕಕ್ಕೆ ಬರ್ಸಿ, ಅಂಗಡಿ ಬಿಲ್ಲು ಅಂಟಿಸಿ, ಅಧ್ಯಕ್ಷರ ಸಹಿ ಹಾಕಿಸ್ಲಿ. ದುಡ್ಡು ವಾಪಸ್ ಬರುತ್ತೋ ಇಲ್ವೋ, ನಾಳೆ ಆಡಿಟ್‌ನಲ್ಲಿ "34 ಮಕ್ಕಳಿಗೆ 34 ಮೊಟ್ಟೆ ಕೊಟ್ರಾ" ಅಂತ ಕೇಳಿದಾಗ ತಲೆ ಎತ್ತಿ ಉತ್ತರ ಹೇಳಬಹುದು. ಬಿಸಿಯೂಟಕ್ಕೂ ಮುಂಚೆ, 80 ಪರ್ಸೆಂಟ್ ಹಾಜರಾತಿ ಇದ್ದ ಮಗುಗೆ ತಿಂಗಳಿಗೆ 3 ಕೇಜಿ ಅಕ್ಕಿ ಕೊಡ್ತಿದ್ವಿ, ನಾನೇ ತಕ್ಕಡಿ ಹಿಡಿದು ತೂಗ್ತಿದ್ದೆ. ಒಂದು ಸಲ ಮೂಟೇಲಿ ಒಂದೂವರೆ ಕೇಜಿ ಕಮ್ಮಿ ಬಂದಿದ್ದಕ್ಕೆ ಮೂರು ಪುಟ ವಿವರಣೆ ಬರೆದಿದ್ದೆ. ಅಂದಿನಿಂದ ನನಗೆ ಕಾಗದದ ಮೇಲೆ ಭಯ ಭಕ್ತಿ ಎರಡೂ.

ಜ್ವಾಳದರೊಟ್ಟಿ:

ಹಳೇಮೇಷ್ಟ್ರ ಛಲೋ ಹೇಳೀರಿ. ನಾನು ವಿಜಯಪುರ ಜಿಲ್ಲಾದಾಗ ಪ್ರೈಮರಿ ಸಾಲಿ ಮಾಸ್ತರ. ಆ ಐಟಿ ಅಣ್ಣಾವ್ರು ದಸರಾ ಸೂಟಿ ಬಗ್ಗೆ ಕೇಳ್ಯಾರಲ್ಲ, 2025ರ ದಸರಾ ಸೂಟಿ ಹೆಂಗಿತ್ತು ಕೇಳ್ರಿ.

ಸೆಪ್ಟೆಂಬರ್ 22ಕ್ಕ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಚಾಲೂ ಆತು. ಅಕ್ಟೋಬರ್ 7ಕ್ಕ ಮುಗೀಬೇಕಿತ್ತು, ಮುಗೀಲಿಲ್ಲ, ಅದಕ್ಕ ಸಾಲೀನ 18ರ ತನಕಾ ಬಂದ್ ಇಟ್ರು. 60 ಪ್ರಶ್ನೆ ಒಂದ್ ಮನಿಗೆ. ಕರೆಂಟ್ ಮೀಟರ್ ನೋಡಿ ಮನಿಗೆ ನಂಬರಿನ ಚೀಟಿ ಹಚ್ಚಿದ್ರು, ಆ ನಂಬರ್ ಹುಡುಕೂದ ಒಂದ್ ದೊಡ್ಡ ಕೆಲಸ, ಒಂದ್ ಮನಿ ಊರಾಗಿದ್ರ ಮುಂದಿನ ನಂಬರ್ ಎಲ್ಲೋ ಹೊಲದಾಗಿನ ಮನಿ. ನೆಟ್‌ವರ್ಕ್ ಸಿಗಲಾರದ್ದಕ್ಕ ಹೆಣ್ಣುಮಕ್ಕಳು ಟೀಚರ್ ನೀರಿನ ಟಾಕಿ ಹತ್ತಿ ನಿಂತಿದ್ದು ನಾನ ನೋಡೀನಿ. ಒಂದ್ ಮನ್ಯಾಗ ಅಜ್ಜಿ ಎಲ್ಲಾ ಹೇಳಿದ್ಲು, ಕುಂಡ್ರಿಸಿ ಚಾನೂ ಕೊಟ್ಲು, ಕಡೀಕ ಒಟಿಪಿ ಅಂದ ಕೂಡ್ಲೆ "ಮಗಾ ಪುಣೇದಾಗ ಅದಾನ, ಫೋನ್ ಅವನ ಹತ್ರ ಐತಿ" ಅಂದ್ಲು. ಮಗ ಡ್ಯೂಟಿ ಮುಗ್ಸಿ ಒಟಿಪಿ ಹೇಳೂದ್ರಾಗ ರಾತ್ರಿ ಒಂಬತ್ತೂವರಿ. ಅಲ್ಲೀತನಕ ನಾ ಅವರ ಕಟ್ಟಿ ಮ್ಯಾಲ ಕುಂತಿದ್ನಿ, ಅಜ್ಜಿ ಮರುಗಿ ರೊಟ್ಟಿ ಪಲ್ಯಾನೂ ಹಾಕಿದ್ಲು ಅನ್ರಿ.

ಸಮೀಕ್ಷೆ ಮಾಡಬಾರದು ಅಂತ ನಾ ಅನ್ನೂದಿಲ್ಲ, ಮಾಡಬೇಕು, ಊರಿಗೂರ ಗುರುತಿರೋದು ಮಾಸ್ತರಗೋಳಿಗೆ ಅಂತನ ನಮಗ ಹಚ್ತಾರ, ಅದೂ ಖರೇನ ಐತಿ. ಗೌರವಧನಾನೂ ಐತಿ. ಆದ್ರ ಸಾಲಿ ತೆಗೆದ ಮ್ಯಾಲ ಹೋದ ದಿನಗಳ ಪಾಠ ಹೆಚ್ಚಿನ ಕ್ಲಾಸ್ ತಗೊಂಡು ಮುಗಸ್ರಿ ಅಂದ್ರು, ಅದರ ಗಂಟೆ ಯಾರ್ ಎಣಸ್ತಾರ?

ನಾ ಬಿಎಲ್‌ಒನೂ ಅದೀನಿ. ವರ್ಷಕ್ಕ 6,000 ಇದ್ದದ್ದು 2025ರಾಗ 12,000 ಮಾಡ್ಯಾರ. ತಿಂಗಳಿಗೆ ಸಾವಿರ ಆತಲ್ಲ. ಫಾರ್ಮ್ 6 ಅಂದ್ರ ಹೊಸಾ ಹೆಸರು, 7 ಅಂದ್ರ ತೆಗೆಯೂದು, 8 ಅಂದ್ರ ತಿದ್ದುಪಡಿ. ಊರಾಗ ಯಾರರೆ ತೀರ್ಕೊಂಡ್ರ ಮೂರನೇ ದಿನಕ್ಕ ನನಗ ಫಾರ್ಮ್ 7 ನೆನಪಾಗ್ತೈತಿ ನೋಡ್ರಿ, ಹಿಂಗಾಗೇತಿ ನನ್ನ ತಲಿ.

ಅತಿಥಿ_ದೇವೋಭವ:

ಇಲ್ಲಿ ಎಲ್ಲರೂ ಖಾಯಂ ಟೀಚರ್ ಬಗ್ಗೆನೇ ಮಾತಾಡ್ತಿದೀರ, ನಾನು ಅದೇ ಆ "ಇನ್ನೊಬ್ರು ಅತಿಥಿ ಶಿಕ್ಷಕಿ". ನಿಮ್ಮ ಶಾಲೆದು ಅಲ್ಲ ಬಿಡಿ, ಚಿತ್ರದುರ್ಗ ಕಡೆ. ತಿಂಗಳಿಗೆ 10,000 ಇತ್ತು, 2025ರ ಬಜೆಟ್‌ನಲ್ಲಿ 2,000 ಜಾಸ್ತಿ ಮಾಡಿದ್ರು. ಬೇಸಿಗೇಲಿ ಅದೂ ಇಲ್ಲ, ಮುಂದಿನ ಜೂನ್‌ನಲ್ಲಿ ಮತ್ತೆ ತಗೋತಾರೋ ಇಲ್ವೋ ಅದೂ ಗೊತ್ತಿಲ್ಲ.

ಎಚ್‌ಎಂ ಮೇಡಂ ಒಳ್ಳೆಯವ್ರು, ಆದ್ರೆ ಅವ್ರಿಗೆ ಕಂಪ್ಯೂಟರ್ ಅಷ್ಟು ಬರಲ್ಲ, "ನೀನು ಬಿಎಸ್‌ಸಿ ಓದಿದೀಯಲ್ಲಮ್ಮ ಸ್ವಲ್ಪ ಮಾಡ್ಕೊಡು" ಅಂತಾರೆ. ಹಂಗಾಗಿ ಆನ್‌ಲೈನ್ ಕೆಲಸ ಎಲ್ಲಾ ನಂದೇ, ನನ್ನ ಫೋನು, ನನ್ನ ಡೇಟಾ. ಪೋರ್ಟಲ್ ಹಗಲೊತ್ತು ಎಲ್ಲರೂ ನುಗ್ಗೋದ್ರಿಂದ ತೆರೆಯೋದೇ ಇಲ್ಲ, ಬೆಳಗಿನ ಜಾವ ಐದಕ್ಕೆ ಎದ್ದು ಕೂತ್ರೆ ಸರಸರ ಹೋಗುತ್ತೆ. ಮನೇಲಿ ನಮ್ಮತ್ತೆ ಬೆಳಕು ಹರಿಯೋಕ್ ಮುಂಚೆ ಮೊಬೈಲ್ ಹಿಡ್ಕೊಂಡಿದ್ದಾಳೆ ಅಂತ ಗೊಣಗ್ತಾರೆ.

ತೆಂಗಿನತೋಟ ಅಣ್ಣ, ಒಂದು ಕೇಳ್ಲಾ, ನಿಮ್ಮ ಡೈರೀಲಿ ಬರೆದಿರೋ 17 ಗಂಟೇಲಿ ಆ ಅತಿಥಿ ಶಿಕ್ಷಕಿ ಮನೇಲಿ ಕೂತು ಮಾಡಿದ್ದು ಎಷ್ಟಿರಬಹುದು? ತಪ್ಪು ಹುಡುಕ್ತಿಲ್ಲ, ನೆನಪು ಮಾಡಿದೆ ಅಷ್ಟೇ.

ಕಡಲಕರೆ:

ನಾನು ಮಂಗಳೂರು ಹತ್ರ ಪ್ರೈವೇಟ್ ಶಾಲೆ. ನಮ್ಮಲ್ಲಿ ಮೊಟ್ಟೆ ಟ್ರೇ ಇಲ್ಲ ಮಾರಾಯ್ರೆ, ಬೇರೆ ಉಂಟು. ಪೇರೆಂಟ್ಸ್ ಗ್ರೂಪಿನಲ್ಲಿ ರಾತ್ರಿ ಹತ್ತೂವರೆಗೆ "ಮಿಸ್, ನಾಳೆ ಯಾವ ಕಲರ್ ಡ್ರೆಸ್" ಅಂತ ಕೇಳ್ತಾರೆ, ಎರಡು ಸಲ ಉತ್ತರ ಕೊಟ್ಟ ಮೇಲೆ ಮೂರನೆಯವರು ಬಂದು ಅದನ್ನೇ ಕೇಳುವುದು. ಏಪ್ರಿಲ್‌ನಲ್ಲಿ ಅಡ್ಮಿಶನ್‌ಗೆ ಮನೆ ಮನೆ ಹೋಗ್ಲಿಕ್ಕೆ ಉಂಟು, ಒಬ್ಬೊಬ್ಬರಿಗೆ ಇಷ್ಟು ಮಕ್ಕಳು ಅಂತ ಟಾರ್ಗೆಟ್. ಸಂಬಳ ಕೇಳ್ಬೇಡಿ, ಸರ್ಕಾರಿಯವರ ಅರ್ಧವೂ ಇಲ್ಲ. ಗಂಟೆ ಬರೆದಿಡುವ ಗಂಡ ನನಗೂ ಒಬ್ಬ ಇದ್ದಿದ್ರೆ ಅಂತ ಆಯ್ತು ಓದಿ.

ಟ್ಯಾಕ್ಸ್_ಕಟ್ಟೋನು:

ಹಳೇಮೇಷ್ಟ್ರು ಸರ್, 30ಕ್ಕೆ 10 ಅನ್ನೋದು ನಂಗೆ ಗೊತ್ತಿರ್ಲಿಲ್ಲ. ಆ ಮಾತು ವಾಪಸ್ ತಗೋತೀನಿ. ಆದ್ರೂ ಒಂದು ಅರ್ಥ ಆಗ್ತಿಲ್ಲ, ಒಂದೇ ಮಗುವಿನ ಡೇಟಾ ಒಂದು ಕಡೆ ಇದ್ದ ಮೇಲೆ ಶೂ ಸೈಜ್‌ನ ಮೂರು ಸಲ ಯಾಕೆ ವಾಟ್ಸಾಪಲ್ಲಿ ಕೇಳ್ತಾರೆ? ನಮ್ಮ ಆಫೀಸಲ್ಲಿ ಹೀಗೆ ಮಾಡಿದ್ರೆ ಬೈತಾರೆ.

ಚಾಕ್‌ಪೀಸ್_ಅಕ್ಕ:

ಯಾಕಂದ್ರೆ ಕೇಳೋರಿಗೂ ಮೇಲಿಂದ ಅದೇ ಸಂಜೆ ಐದು ಗಂಟೆಗೇ ಬಂದಿರುತ್ತೆ. ಸುತ್ತಲಿನ ಶಾಲೆಗಳನ್ನ ನೋಡ್ಕೊಳ್ಳೋ ನಮ್ಮ ಸಿಆರ್‌ಪಿನೂ ಪಾಪ ಮೊದಲು ಮೇಷ್ಟ್ರೇ, ಹುಡುಕೋದಕ್ಕಿಂತ ಕೇಳೋದು ಸುಲಭ. ಕೇಳಿದ್ರೆ ಹತ್ತು ನಿಮಿಷಕ್ಕೆ ಉತ್ತರ ಬರುತ್ತಲ್ಲ, ನಾವು ಕೊಡ್ತೀವಲ್ಲ, ಅದಕ್ಕೇ ಕೇಳ್ತಾರೆ.

ತೆಂಗಿನತೋಟ:

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಜನ ಬರೀತೀರ ಅಂದ್ಕೊಂಡಿರ್ಲಿಲ್ಲ. ಮೂರು ದಿನ ಆದ್ಮೇಲೆ ಬರ್ತಿದೀನಿ.

ಅತಿಥಿ ಮೇಡಂ ಕೇಳಿದ ಪ್ರಶ್ನೆನ ಮನೇಲಿ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ನಿದ್ದು "ಸ್ಕಾಲರ್‌ಶಿಪ್ ಎಂಟ್ರಿ ಪೂರ್ತಿ ಅವ್ರೇ ಮಾಡಿದ್ದು" ಅಂದ್ಲು. ಆ ಗಂಟೆ ನನ್ನ ಡೈರೀಲಿ ಇಲ್ಲ, ನಾನು ಬರೆದಿದ್ದು ನಮ್ಮನೇಲಿ ಕಂಡಿದ್ದು ಮಾತ್ರ.

ಎಕ್ಸೆಲ್ ಶೀಟ್ ಭಾನುವಾರ ಕೂತು ಮಾಡಿದೆ, 36 ಮಕ್ಕಳಲ್ಲಿ 29 ಆಯ್ತು. 7 ಮಕ್ಕಳ ಆರ್‌ಡಿ ನಂಬರ್ ಸಿಕ್ಕಿಲ್ಲ, ಇಬ್ಬರ ಜನ್ಮದಿನಾಂಕ ಎರಡು ಕಡೆ ಎರಡು ತರ ಇದೆ. ಅಮ್ಮ ಪಕ್ಕದಲ್ಲಿ ಕೂತು ಅವರೆಕಾಯಿ ಸುಲೀತಾ ನೋಡ್ತಿದ್ರು, "ಇದೆಲ್ಲ ಪಾಠ ಮಾಡೋರು ಯಾಕ್ ಮಾಡ್ತಾರೆ, ಗುಮಾಸ್ತರಿಲ್ವಾ" ಅಂದ್ರು. ಇಲ್ಲಮ್ಮ ಪ್ರೈಮರಿ ಶಾಲೇಲಿ ಗುಮಾಸ್ತರು ಇರಲ್ಲ ಅಂದೆ. ನಂಬ್ಲಿಲ್ಲ, ಸೊಸೇನ ಕರೆದು ಕೇಳಿದ್ರು.

ಹಳೇಮೇಷ್ಟ್ರೇ, ಮೊಟ್ಟೆ ಬಿಲ್ಲಿನ ವಿಷಯ ಒಂದು ಡೌಟು. ನಮ್ಮ ಅಂಗಡಿಯವನು ಅಚ್ಚಾದ ಬಿಲ್ಲು ಕೊಡಲ್ಲ, ಬಿಳಿ ಚೀಟೀಲಿ ಬರ್ಕೊಡ್ತಾನೆ. ನಡಾವಳಿಗೆ ಅದನ್ನ ಅಂಟಿಸಿದ್ರೆ ನಡೆಯುತ್ತಾ?

ಹಳೇಮೇಷ್ಟ್ರು:

ಚೀಟೀಲಿ ತಾರೀಖು, ಎಷ್ಟು ಮೊಟ್ಟೆ, ಒಂದಕ್ಕೆ ಎಷ್ಟು, ಇಷ್ಟು ಇರ್ಲಿ, ಅಂಗಡಿ ಸೀಲ್ ಹೊಡೆಸ್ಲಿ. ಸೀಲೂ ಇಲ್ಲ ಅಂದ್ರೆ ಅವನ ಸಹಿ, ಫೋನ್ ನಂಬರು. ಒಡೆದಿದ್ದನ್ನೂ ಬರೀರಿ. ಅದನ್ನ ಯಾರೂ ಬರೆಯೋದೇ ಇಲ್ಲ.